ಅಪ್ಪಣೆಗೆ ಒದಗದ ಸಂಗೀತ

ಚಿತ್ರದುರ್ಗದ ಸೀಮೆಯ ಓದುಗನಿಗೆ ಸಂಗೀತವೆಂದೊಡನೆ ನೆನಪಾಗತಕ್ಕ ಪುಸ್ತಕವೊಂದುಂಟು, ಅದು ತ.ರಾ.ಸು. ಅವರು 1952ರಲ್ಲಿ ಪ್ರಕಟಿಸಿದ ‘ಹಂಸಗೀತೆ’. ದೇವಸನ್ನಿಧಿಗೆ ಮೀಸಲಾದ ತನ್ನ ಗಾನವನ್ನು ಅರಸನ ಅಪ್ಪಣೆಗೆ ಒಪ್ಪಿಸಲಾರದೆ, ಹಾಡುವ ನಾಲಗೆಯನ್ನೇ ಕತ್ತರಿಸಿಕೊಂಡ ಭೈರವಿ ವೆಂಕಟಸುಬ್ಬಯ್ಯನ ಕಥೆ, 1975ರಲ್ಲಿ ಜಿ.ವಿ. ಅಯ್ಯರ್ ಅವರ ಚಿತ್ರವಾಗಿ, ಬಾಲಮುರಳಿಕೃಷ್ಣರ ಕಂಠವನ್ನು ಪಡೆದು, ಕಾದಂಬರಿಯನ್ನು ಓದದವರ ಮನಸ್ಸನ್ನೂ ಮುಟ್ಟಿತು. ಅದರಲ್ಲಿ ಇತಿಹಾಸವೆಷ್ಟು, ಐತಿಹ್ಯವೆಷ್ಟು, ಕಾದಂಬರಿಕಾರನ ಪ್ರತಿಭೆಯೆಷ್ಟು ಎಂಬ ವಿಚಾರಣೆ ಪಂಡಿತರಿಗಿರಲಿ. ಬೇಡಿದಾಕ್ಷಣ ಒದಗತಕ್ಕ ವಸ್ತು ಸಂಗೀತವಲ್ಲವೆಂಬ ಆ ಕಥೆಯ ಹುರುಳು ನಮಗೆ ಈಗ ಹೆಚ್ಚು ಅಗತ್ಯವಾಗಿದೆ ಎಂಬುದಷ್ಟೇ ನನ್ನ ವಾದ.

ಏಕೆಂದರೆ, ಅರಸನಿಗೂ ಲಭಿಸದಿದ್ದ ಆ ಅಧಿಕಾರ ಇಂದು ಎಲ್ಲರ ಹೆಬ್ಬೆರಳಿಗೂ ಬಂದಿದೆ. ನಮ್ಮ ಹಿರಿಯೂರಿನ ಬಳಿಯ ಆದಿವಾಲದ ತೋಟದಲ್ಲಿ ತೆಂಗಿಗೆ ನೀರು ಹಾಯಿಸುತ್ತಿರುವಾತನು ಮೊಬೈಲನ್ನು ಒತ್ತಿದರೆ ಸಾಕು, ಮಲ್ಲಿಕಾರ್ಜುನ ಮನ್ಸೂರರು ಅವನ ಜೇಬಿನೊಳಗಿಂದಲೇ ಹಾಡತೊಡಗುತ್ತಾರೆ. ಮೋಟಾರು ನಿಂತಿತೆಂದರೆ ಅದೇ ಬೆರಳಿನಿಂದ ರಾಗದ ನಡುವೆಯೇ ಅವರ ಬಾಯಿ ಮುಚ್ಚಿಸಿ, ಅವನು ಸ್ಟಾರ್ಟರಿನತ್ತ ನಡೆಯುತ್ತಾನೆ. ಇದನ್ನು ಹಳಿಯುವ ಇಚ್ಛೆ ನನಗಿಲ್ಲ. ಧ್ವನಿಮುದ್ರಣವಿಲ್ಲದಿದ್ದರೆ, 1992ರಲ್ಲಿ ತೀರಿಕೊಂಡ ಮನ್ಸೂರರನ್ನು ನಮ್ಮ ಮಕ್ಕಳು ಎಲ್ಲಿ ಕೇಳುತ್ತಿದ್ದರು? ಆದರೆ ಸಂಗೀತವು ನಮಗಾಗಿ ಕಾದು ನಿಲ್ಲುವುದಕ್ಕೂ, ನಾವು ಸಂಗೀತಕ್ಕಾಗಿ ಕಾದು ಕೂರುವುದಕ್ಕೂ ಇರುವ ಅಂತರ ಅಜಗಜಾಂತರ.

ಕಚೇರಿಯ ಸುಖ ಆರಂಭವಾಗುವುದು ಈ ಕಾಯುವಿಕೆಯಿಂದಲೇ. ಮೃದಂಗದವರು ಎಡಗಡೆಯ ಮುಖಕ್ಕೆ ನೀರಿನಲ್ಲಿ ಕಲಸಿದ ರವೆಯನ್ನು ಮೆತ್ತಿ, ಬೆರಳಿನಿಂದ ತಟ್ಟಿ ನೋಡಿ, ಸಾಲದೆಂದು ಇನ್ನೊಂದಿಷ್ಟು ಮೆತ್ತಿ, ಬಲಗಡೆಯ ಅಂಚನ್ನು ಸಣ್ಣ ಕಲ್ಲಿನಿಂದ ಬಡಿದು ಶ್ರುತಿಗೆ ತರುವುದನ್ನೂ, ತಂಬೂರಿಯ ತಂತಿಯ ಕೆಳಗಿನ ಜೀವಾಳದ ನೂಲನ್ನು ಕೂದಲೆಳೆಯಷ್ಟು ಸರಿಸಿದೊಡನೆ ಅದುವರೆಗೆ ಬರಿಯ ಶಬ್ದವಾಗಿದ್ದುದು ಝೇಂಕಾರವಾಗಿ ತುಂಬಿಕೊಳ್ಳುವುದನ್ನೂ ಮುಂದಿನ ಸಾಲಿನಲ್ಲಿ ಕುಳಿತು ಕಂಡವನೇ ಬಲ್ಲ. ಮುದ್ರಿಕೆಗಳಲ್ಲಿ ಮೊದಲು ಕತ್ತರಿ ಬೀಳುವುದು ಈ ಭಾಗಕ್ಕೆ.

ಆಮೇಲೆ ಆಲಾಪನೆ. ಗಾಯಕನು ಭೈರವಿಯನ್ನೇ ಎತ್ತಿಕೊಂಡನೆನ್ನೋಣ. ಮುಂದಿನ ಸಂಚಾರ ಯಾವುದೆಂದು ಅವನಿಗೇ ಪೂರ್ಣವಾಗಿ ತಿಳಿದಿರುವುದಿಲ್ಲ, ಪಿಟೀಲಿನವನಿಗಂತೂ ತಿಳಿದಿರುವ ಸಂಭವವೇ ಇಲ್ಲ. ಆದರೂ ಆತನು ಅರೆಕ್ಷಣ ಹಿಂದೆ ಉಳಿದು ನೆರಳಿನಂತೆ ಅನುಸರಿಸಿ ಬರುತ್ತಾನೆ. ಗಾಯಕನು ತಾರಷಡ್ಜಕ್ಕೆ ಏರದೆ ನಿಷಾದದಲ್ಲಿಯೇ ಸುಳಿದಾಡುತ್ತಿರುವಷ್ಟು ಹೊತ್ತೂ ಮೂರನೆಯ ಸಾಲಿನ ವೃದ್ಧರೊಬ್ಬರು ಕೈಯನ್ನು ಅರ್ಧಕ್ಕೆ ಎತ್ತಿ ಹಾಗೆಯೇ ಹಿಡಿದಿರುತ್ತಾರೆ. ಷಡ್ಜ ಮುಟ್ಟಿದ ಕ್ಷಣ ಆ ಕೈ ತೊಡೆಯ ಮೇಲೆ ಬೀಳುತ್ತದೆ, ಬಾಯಿಂದ ‘ಭಲೆ’ ಹೊರಡುತ್ತದೆ. ವೇದಿಕೆಯ ಮೇಲಿರುವಾತನಿಗೆ ಅದು ಕೇಳಿಸುತ್ತದೆ. ಕೇಳಿಸಿದ ಮೇಲೆ ಅವನು ತೆಗೆದುಕೊಳ್ಳುವ ದಾರಿ, ಕೇಳಿಸದಿದ್ದರೆ ತೆಗೆದುಕೊಳ್ಳುತ್ತಿದ್ದ ದಾರಿಯಲ್ಲ. ಆ ದಿನದ ಭೈರವಿಯಲ್ಲಿ ಆ ವೃದ್ಧರದೂ ಒಂದು ಪಾಲುಂಟು. ಕೆಲವೊಮ್ಮೆ ಸ್ವರಪ್ರಸ್ತಾರದ ಲೆಕ್ಕ ಜಾರಿ, ಎಡುಪು ಕೈತಪ್ಪಿ, ಮೃದಂಗದವರು ಮುಗುಳ್ನಕ್ಕು ಹೇಗೋ ಕೂಡಿಸಿಕೊಳ್ಳುವುದೂ ಉಂಟು. ನನಗೆ ಅದೂ ಪ್ರಿಯವೇ, ಏಕೆಂದರೆ ತಪ್ಪಬಹುದಾದುದು ತಪ್ಪದೆ ಬಂದಾಗಲಲ್ಲವೆ ಸಂತೋಷ. ತನಿ ಆವರ್ತನ ಮೊದಲಾದೊಡನೆ ಎದ್ದು ಕಾಫಿಗೆ ಹೋಗುವವರ ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಇಷ್ಟು ಸೌಮ್ಯವಾದುದಲ್ಲ. ಅದನ್ನು ಇಲ್ಲಿ ಬರೆಯದಿರುವುದೇ ಲೇಸು.

ಈ ಕೊಡುಕೊಳ್ಳುವಿಕೆಗೆ ಬೇಕಾದುದು ಸಾಮೀಪ್ಯ. ಧ್ವನಿವರ್ಧಕವಿಲ್ಲದ ಕಾಲದಲ್ಲಿ ದೊಡ್ಡ ಸಭೆಯ ಕೊನೆಯ ಸಾಲಿಗೂ ಪಿಟೀಲು ಮುಟ್ಟಲೆಂದು ಮೈಸೂರಿನ ಟಿ. ಚೌಡಯ್ಯನವರು ನಾಲ್ಕು ತಂತಿಗಳ ಜೊತೆಗೆ ಇನ್ನು ಮೂರನ್ನು ಕೂಡಿಸಿ ಏಳಾಗಿಸಿದರು. ಈಗ ವಿಪರೀತದ ತೊಂದರೆ: ನೂರು ಜನ ಹಿಡಿಸುವ ಮಂಟಪಕ್ಕೂ ಆಳೆತ್ತರದ ಸ್ಪೀಕರುಗಳನ್ನು ನಿಲ್ಲಿಸಿ, ಗಾಯಕನು ಎದುರಿಗೆ ಕುಳಿತಿದ್ದರೂ ಅವನ ದನಿ ಪಕ್ಕದ ಗೋಡೆಯಿಂದ ಬರುವಂತೆ ಏರ್ಪಾಡು ಮಾಡುತ್ತೇವೆ. ಆದುದರಿಂದ, ಈ ಸಂಗೀತಕ್ಕೆ ಮಹಾನಗರದ ಭವನಕ್ಕಿಂತ ಸಣ್ಣ ಊರಿನ ಸಣ್ಣ ಸಭೆಯೇ ಯೋಗ್ಯವೆಂದು ನಾನು ನಂಬಿದ್ದೇನೆ. ಧಾರವಾಡ ಜಿಲ್ಲೆಯ ಕುಂದಗೋಳ ದೊಡ್ಡ ಪಟ್ಟಣವೇನಲ್ಲ. ಆದರೆ ಸವಾಯಿ ಗಂಧರ್ವರ ಊರಾದ ಅಲ್ಲಿ, ನಾಡಿಗೇರರ ವಾಡೆಯಲ್ಲಿ, ಅವರ ಶಿಷ್ಯರಾದ ಗಂಗೂಬಾಯಿ ಹಾನಗಲ್ಲರೂ ಭೀಮಸೇನ ಜೋಶಿಯವರೂ ಗುರುಸ್ಮರಣೆಗೆಂದು ಬಂದು ಹಾಡಿದರು.

ನಮ್ಮ ಕಡೆಯವರಾದರೋ ಇಂಥ ಸುಖವನ್ನು ಬಯಸಿದರೆ ಚೈತ್ರದಲ್ಲಿ ಬೆಂಗಳೂರಿನ ರಾಮನವಮಿಯ ಪೆಂಡಾಲುಗಳಿಗೆ ಹೋಗಬೇಕು. ಚಾಮರಾಜಪೇಟೆಯಲ್ಲಿ 1939ರಲ್ಲಿ ಆರಂಭವಾದ ಶ್ರೀ ರಾಮಸೇವಾ ಮಂಡಳಿಯ ಉತ್ಸವ ಅವುಗಳಲ್ಲಿ ಅಗ್ರಗಣ್ಯ. ಹಿರಿಯೂರಿನಿಂದ ಸುಮಾರು 160 ಕಿ.ಮೀ. ದಾರಿ, ಮಂಗಳಕ್ಕೆ ಮೊದಲೇ ಗಡಿಯಾರ ನೋಡಿ ಎದ್ದು, ಸಿಟ್ಟಿನ ಕಣ್ಣುಗಳನ್ನು ದಾಟಿ, ಮೆಜೆಸ್ಟಿಕ್ಕಿಗೆ ಓಡದೆ ವಿಧಿಯಿಲ್ಲ.

ಆದರೆ ಬೆಂಗಳೂರಿಗೂ ಹುಬ್ಬಳ್ಳಿ–ಧಾರವಾಡಕ್ಕೂ ನಡುವೆ ಓಡಾಡುವ ಗಾಯಕರ ಕಾರುಗಳು ಆದಿವಾಲದ ಮಗ್ಗುಲ ಹೆದ್ದಾರಿಯಲ್ಲೇ ಹಾದು ಹೋಗುತ್ತವಷ್ಟೆ? ಅವರಲ್ಲೊಬ್ಬರನ್ನು ಒಂದು ಸಂಜೆಯ ಮಟ್ಟಿಗೆ ತಡೆದು ನಿಲ್ಲಿಸುವುದು ಅಸಾಧ್ಯವೆ? ಜಾತ್ರೆಗೆ ಆರ್ಕೆಸ್ಟ್ರಾ ಕರೆಸುವ ಊರುಗಳು ಆ ವೆಚ್ಚದ ಒಂದಂಶವನ್ನು ತೆಗೆದಿಟ್ಟರೂ ಸಾಕು. ಹಿರಿಯೂರಿನ ತೇರುಮಲ್ಲೇಶ್ವರನ ರಥೋತ್ಸವದ ದಿನಗಳಲ್ಲಿ, ಶಾಲೆಯ ಕೊಠಡಿಯೊಂದರಲ್ಲಿ, ಜಮಖಾನೆ ಹಾಸಿ, ಮೈಕಿಲ್ಲದೆ, ಒಬ್ಬ ಗಾಯಕ, ಒಂದು ಪಿಟೀಲು, ಒಂದು ಮೃದಂಗ: ಇಷ್ಟೇ ನನ್ನ ಬೇಡಿಕೆ. ಹಳ್ಳಿಯವರಿಗೆ ಶಾಸ್ತ್ರೀಯ ಸಂಗೀತ ತಿಳಿಯದೆಂಬ ಆಕ್ಷೇಪವನ್ನು ಬಲ್ಲೆ. ಭಜನೆಯಲ್ಲಿ ತಾಳ ತಪ್ಪಿದವನನ್ನು ಕಣ್ಣಿನಲ್ಲೇ ಗದರಿಸುವ ಜನಕ್ಕೆ ಆದಿತಾಳ ಎಟುಕದೆಂದು ಹೇಳುವುದು ಪಟ್ಟಣಿಗರ ಅಹಂಕಾರವೇ ಸರಿ.

ಏರ್ಪಡಿಸುವವರಲ್ಲಿ ಒಂದು ವಿಜ್ಞಾಪನೆ ಉಳಿಯಿತು. ಐದೂವರೆ ಗಂಟೆಯೆಂದು ಕರಪತ್ರದಲ್ಲಿ ಅಚ್ಚಾಗಿದ್ದರೆ ಐದೂವರೆಗೇ ವರ್ಣ ಮೊದಲಾಗಲಿ. ಸ್ವಾಗತಭಾಷಣ, ಗಣ್ಯರ ನಿರೀಕ್ಷಣೆ, ಶಾಲುಹಾರಗಳ ಸನ್ಮಾನ ಇವೆಲ್ಲವನ್ನೂ ಮಂಗಳವಾದ ಮೇಲೆ ಸಾವಕಾಶವಾಗಿ ಇಟ್ಟುಕೊಳ್ಳಬಹುದು. ಆ ಹೊತ್ತಿಗೆ ಹಳ್ಳಿಗಳಿಗೆ ಮರಳತಕ್ಕವರು ಕೊನೆಯ ಬಸ್ಸು ಹತ್ತಿರುತ್ತಾರೆ.