ಅನಿಲ ಕೊಳವೆ ಮಾರ್ಗ: ಗುತ್ತಿಗೆದಾರ ಹೋಗುತ್ತಾನೆ, ಗದ್ದೆ ಉಳಿಯುತ್ತದೆ

ಚಿಕ್ಕರಸಿನಕೆರೆಯ ವಾಚನಾಲಯದಲ್ಲಿ ಕೂಳೆ ಕಬ್ಬಿನ ಆರೈಕೆ ಕುರಿತು ಮಾತನಾಡಲು ಈಚೆಗೆ ಹೋಗಿದ್ದೆ. ಮಾತು ಮುಗಿದ ಮೇಲೆ ಹಿರಿಯ ರೈತರೊಬ್ಬರು ಎದ್ದು ನಿಂತರು. "ಕಬ್ಬಿನ ಮಾತು ಇರ್ಲಿ ಸಾರ್. ಗ್ಯಾಸ್ ಪೈಪು ಬತ್ತದಂತಲ್ಲ, ಬಂದ್ರೆ ಜಮೀನು ಹೋಯ್ತದಾ, ಉಳ್ಕತ್ತದಾ?" ಎಂದರು. ಜಮೀನು ಹೋಗುವುದಿಲ್ಲ, ಆದರೆ ಮೊದಲಿನಂತೆ ಪೂರ್ತಿ ಉಳಿಯುವುದೂ ಇಲ್ಲ ಎಂದು ಉತ್ತರಿಸಿದೆ. ಆ ಉತ್ತರವನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಎರಡು ಬಗೆಯ ಕೊಳವೆ

ಮೊದಲನೆಯದು ದೂರದ ಊರಿಗೆ ಅನಿಲ ಒಯ್ಯುವ ದೊಡ್ಡ ಉಕ್ಕಿನ ಕೊಳವೆ. ಇದು ಹೊಲ ಗದ್ದೆಗಳನ್ನು ಹಾದೇ ಹೋಗಬೇಕು. ಎರಡನೆಯದು ಪಟ್ಟಣದ ಮನೆ, ಹೋಟೆಲು, ವಾಹನಗಳಿಗೆ ಅನಿಲ ಹಂಚುವ ಸಣ್ಣ ಕೊಳವೆ. ಇದು ಬಹುಪಾಲು ರಸ್ತೆಯಂಚಿನಲ್ಲೇ ಹೋಗುತ್ತದೆ. ಮೈಸೂರು, ಮಂಡ್ಯ, ಚಾಮರಾಜನಗರ ಜಿಲ್ಲೆಗಳಲ್ಲಿ ಇಂಥ ಹಂಚಿಕೆಯ ಪರವಾನಗಿಯನ್ನು 2019ರಲ್ಲಿ ಎ.ಜಿ. ಅಂಡ್ ಪಿ. ಸಂಸ್ಥೆ ಪಡೆಯಿತು. ರಸ್ತೆ ಬದಿಯ ಅಗೆತ ಕಂಡೊಡನೆ ಜಮೀನು ಹೋಯಿತೆಂದು ಗಾಬರಿಯಾಗಬೇಕಿಲ್ಲ. ಯಾವ ಬಗೆಯ ಕೊಳವೆ ಎಂದು ಮೊದಲು ವಿಚಾರಿಸಿರಿ.

ಕೆಲಸ ಎಲ್ಲಿಗೆ ಬಂದಿದೆ?

ದೇಶದಲ್ಲಿ ಈಗಾಗಲೇ ಸುಮಾರು 25 ಸಾವಿರ ಕಿಲೋಮೀಟರ್ ದೊಡ್ಡ ಕೊಳವೆ ಮಾರ್ಗ ಬಳಕೆಯಲ್ಲಿದೆ. ಇದನ್ನು 33 ಸಾವಿರ ಕಿಲೋಮೀಟರ್ ದಾಟಿಸುವ ಯೋಜನೆಯಿದೆ. ಒಟ್ಟು ಇಂಧನದಲ್ಲಿ ಅನಿಲದ ಪಾಲನ್ನು 2030ರ ಹೊತ್ತಿಗೆ ಶೇಕಡಾ 15ಕ್ಕೆ ಏರಿಸುವುದು ಕೇಂದ್ರ ಸರ್ಕಾರದ ಗುರಿ. ಆ ಪಾಲು ಬಹುಕಾಲದಿಂದ ಶೇಕಡಾ 6ರ ಆಸುಪಾಸಿನಲ್ಲೇ ಇದೆ. ಆದ್ದರಿಂದ ಕೆಲಸ ನಿಲ್ಲುವಂತಿಲ್ಲ.

ನಮ್ಮ ರಾಜ್ಯಕ್ಕೆ ಎರಡು ದಿಕ್ಕಿನಿಂದ ಅನಿಲ ಬರುತ್ತದೆ. ಗೇಲ್ ಸಂಸ್ಥೆಯ ದಾಭೋಲ್–ಬೆಂಗಳೂರು ಮಾರ್ಗ 2013ರಲ್ಲಿ ಚಾಲನೆಗೊಂಡಿತು. ಕೊಚ್ಚಿಯಿಂದ ಕಾಸರಗೋಡು ಹಾದು ಮಂಗಳೂರಿಗೆ ಬರುವ 450 ಕಿಲೋಮೀಟರ್ ಮಾರ್ಗವನ್ನು 2021ರ ಜನವರಿ 5ರಂದು ಪ್ರಧಾನಿ ಉದ್ಘಾಟಿಸಿದರು.

ಈ ಎರಡನೆಯ ಮಾರ್ಗದ ಕಥೆ ನಾವು ಗಮನಿಸತಕ್ಕದ್ದು. ಅದು 2014ರಲ್ಲೇ ಮುಗಿಯಬೇಕಿತ್ತು. ಜಮೀನಿನ ತಕರಾರಿನಿಂದ ಕೆಲಸ ನಿಂತು, ಅದೇ ವರ್ಷ ಗುತ್ತಿಗೆಗಳೇ ರದ್ದಾದವು. ಮರಳಿ ಟೆಂಡರ್ ಕರೆಯಬೇಕಾಯಿತು. 2017ರಲ್ಲಿ ಕೋಳಿಕ್ಕೋಡು ಜಿಲ್ಲೆಯ ಮುಕ್ಕಂನಲ್ಲಿ ಜನ ಪ್ರತಿಭಟಿಸಿದರು. ಅನಂತರ ಕೇರಳದಲ್ಲಿ ಪರಿಹಾರ ಹೆಚ್ಚಿತು. ಕೊನೆಗೆ ಚಂದ್ರಗಿರಿ ಹೊಳೆಯ ತಳದಲ್ಲಿ ಕೊಳವೆ ತೂರಿಸುವ ಸುಮಾರು ಒಂದೂವರೆ ಕಿಲೋಮೀಟರ್ ಕೆಲಸಕ್ಕಾಗಿ ಇಡೀ ಮಾರ್ಗ ಕಾಯಬೇಕಾಯಿತು. ತಮಿಳುನಾಡಿನಲ್ಲಿ ಹೊಲ ಬಿಟ್ಟು ಹೆದ್ದಾರಿ ಬದಿಯಲ್ಲೇ ಕೊಳವೆ ಹೋಗಲಿ ಎಂದು 2013ರಲ್ಲಿ ಅಲ್ಲಿನ ಸರ್ಕಾರ ಹೇಳಿತು. 2016ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಗೇಲ್ ಪರವಾಯಿತು. ರೈತರು ಒಟ್ಟಾಗಿ ಕೇಳಿದ ಕಡೆ ಪರಿಹಾರ ಹೆಚ್ಚಿತು. ಆದರೆ ಮಾರ್ಗವನ್ನೇ ತಪ್ಪಿಸುವುದು ಸುಲಭವಾಗಲಿಲ್ಲ. ಇದು ನಮಗೆ ಪಾಠ.

ಗುತ್ತಿಗೆದಾರರ ಪಾಡು

ಮಾರ್ಗವನ್ನು ತುಂಡು ತುಂಡಾಗಿ ವಿಂಗಡಿಸಿ ಗುತ್ತಿಗೆ ಕೊಡುತ್ತಾರೆ. ದೊಡ್ಡ ಗುತ್ತಿಗೆದಾರನ ಕೆಳಗೆ ಅಗೆತಕ್ಕೊಬ್ಬ, ಬೆಸುಗೆಗೊಬ್ಬ, ಮಣ್ಣು ಮುಚ್ಚಲೊಬ್ಬ ಉಪಗುತ್ತಿಗೆದಾರನಿರುತ್ತಾನೆ. ಕೆಲಸ ಮುಂದುವರಿದಷ್ಟೂ ಹಣ. ಯಂತ್ರ ಸುಮ್ಮನೆ ನಿಂತರೆ ಬಾಡಿಗೆ, ಬಡ್ಡಿ, ಕೂಲಿ ಅವನ ತಲೆಯ ಮೇಲೆ. ಆದ್ದರಿಂದ ಅವನಿಗೆ ಸದಾ ಅವಸರ. ಪೈರು ಇನ್ನೊಂದು ತಿಂಗಳಲ್ಲಿ ಕೊಯ್ಲಿಗೆ ಬರುತ್ತದೆಂದರೆ ಅವನ ಕಿವಿಗೆ ಬೀಳದಿರುವುದು ಇದರಿಂದಲೇ.

ಈ ಉದ್ಯೋಗದಲ್ಲಿ ದೊಡ್ಡವರೂ ಬಿದ್ದಿದ್ದಾರೆ. ಕೊಳವೆ ಮಾರ್ಗದ ಕೆಲಸದಲ್ಲಿ ಹೆಸರಾಗಿದ್ದ ಪುಂಜ್ ಲಾಯ್ಡ್ ಕಂಪೆನಿ ಸಾಲದಲ್ಲಿ ಮುಳುಗಿ 2019ರಲ್ಲಿ ದಿವಾಳಿ ನ್ಯಾಯಮಂಡಳಿಯ ಮುಂದೆ ಹೋಯಿತು. 2022ರಲ್ಲಿ ಮುಚ್ಚುವ ಆದೇಶವಾಯಿತು. ಮುಂದಿನ ವರ್ಷಗಳಲ್ಲಿ ದೊಡ್ಡ ಮಾರ್ಗಗಳಿಗಿಂತ ಪಟ್ಟಣ ಹಂಚಿಕೆಯ ಸಣ್ಣ ಕೆಲಸಗಳೇ ಹೆಚ್ಚಬಹುದು. ಸಣ್ಣ ಗುತ್ತಿಗೆದಾರರೂ ಹೆಚ್ಚುತ್ತಾರೆ. ಹೊಲದ ಬದುವಿನ ಮೇಲೆ ನಿಂತು "ಆಮೇಲೆ ಸರಿ ಮಾಡಿಕೊಡುತ್ತೇವೆ" ಎಂದ ಮೇಸ್ತ್ರಿ ಮುಂದಿನ ಹಂಗಾಮಿನಲ್ಲಿ ಅಲ್ಲಿ ಇರುವುದಿಲ್ಲ. ಅವನ ಬಾಯಿಮಾತನ್ನು ನಂಬಬೇಡಿರಿ.

ಕಾನೂನು ಏನೆನ್ನುತ್ತದೆ?

ದೊಡ್ಡ ಕೊಳವೆಗೆ ಅನ್ವಯಿಸುವುದು 1962ರ ಕೇಂದ್ರ ಕಾಯಿದೆ. ಇದರಲ್ಲಿ ಜಮೀನಿನ ಒಡೆತನ ರೈತನದೇ; ಕೊಳವೆ ಹೂಳುವ ಬಳಕೆಯ ಹಕ್ಕು ಮಾತ್ರ ಸಂಸ್ಥೆಗೆ ಹೋಗುತ್ತದೆ. ಮೊದಲ ಅಧಿಸೂಚನೆ ಹೊರಟ 21 ದಿನಗಳೊಳಗೆ ಸಕ್ಷಮ ಪ್ರಾಧಿಕಾರಕ್ಕೆ ಲಿಖಿತವಾಗಿ ಆಕ್ಷೇಪಣೆ ಸಲ್ಲಿಸಬೇಕು.

ಕೆಲಸ ಮುಗಿದ ಮೇಲೆ ಮೊದಲಿನಂತೆ ಬೇಸಾಯ ಮಾಡಬಹುದು. ಆದರೆ ಆ ಪಟ್ಟಿಯಲ್ಲಿ ಮನೆ ಕಟ್ಟುವಂತಿಲ್ಲ, ಬಾವಿ ಕೆರೆ ತೋಡುವಂತಿಲ್ಲ, ಮರ ನೆಡುವಂತಿಲ್ಲ. ಬೆಳೆ, ಮರ ಮತ್ತಿತರ ನಷ್ಟಕ್ಕೆ ಪರಿಹಾರವುಂಟು. ಜೊತೆಗೆ ಬಳಕೆ ಹಕ್ಕಿಗಾಗಿ ಜಮೀನಿನ ಮಾರುಕಟ್ಟೆ ಬೆಲೆಯ ಶೇಕಡಾ 10. ಇದು ಒಪ್ಪಿಗೆಯಾಗದಿದ್ದರೆ ಜಿಲ್ಲಾ ನ್ಯಾಯಾಧೀಶರಲ್ಲಿಗೆ ಹೋಗಬಹುದು. ಪರಿಹಾರದ ಹೊಣೆ ಹಕ್ಕು ಪಡೆದ ಸಂಸ್ಥೆಯದು. ಗುತ್ತಿಗೆದಾರ ದಿವಾಳಿಯಾದರೂ ಈ ಹೊಣೆ ತಪ್ಪುವುದಿಲ್ಲ.

ಒಂದು ಲೆಕ್ಕ ನೋಡೋಣ. 20 ಮೀಟರ್ ಅಗಲದ ಪಟ್ಟಿ ನಿಮ್ಮ ಹೊಲದಲ್ಲಿ 100 ಮೀಟರ್ ಹಾದರೆ ಸುಮಾರು 20 ಗುಂಟೆ. ಎಕರೆಗೆ 20 ಲಕ್ಷ ರೂಪಾಯಿ ಎಂದಿಟ್ಟುಕೊಂಡರೆ ಶೇಕಡಾ 10ರಂತೆ ಕೈಗೆ ಬರುವುದು 1 ಲಕ್ಷ. ಅಷ್ಟೇ ಜಾಗದಲ್ಲಿ 25 ಅಡಿ ಅಂತರದಲ್ಲಿ ಸುಮಾರು 35 ತೆಂಗು ಹಿಡಿಯುತ್ತದೆ. ಕಬ್ಬು, ಭತ್ತ, ರಾಗಿ ಬೆಳೆಯುವವನಿಗೆ ನಷ್ಟ ಒಂದೆರಡು ಹಂಗಾಮಿನದು. ತೋಟ ಮಾಡಬೇಕೆಂದವನಿಗೆ, ಮಗನಿಗೆ ಮನೆ ಕಟ್ಟಬೇಕೆಂದವನಿಗೆ ನಷ್ಟ ಶಾಶ್ವತ. ಶೇಕಡಾ 10 ಇಬ್ಬರಿಗೂ ಒಂದೇ ಎಂಬುದು ಈ ಕಾಯಿದೆಯ ಕೊರತೆ. ಸಣ್ಣ ಹಿಡುವಳಿದಾರರ ಪರವಾಗಿ ಇದನ್ನು ತಿದ್ದಬೇಕೆಂಬುದು ನನ್ನ ಅಭಿಪ್ರಾಯ.

ರೈತನಿಗೆ ಲಾಭವೇನು?

ಲಾಭವಿಲ್ಲವೆಂದಲ್ಲ. ಯೂರಿಯಾ ತಯಾರಿಕೆಗೆ ಬೇಕಾದ ಜಲಜನಕ ಸಿಗುವುದು ಈ ಅನಿಲದಿಂದಲೇ. 1976ರಲ್ಲಿ ಉತ್ಪಾದನೆ ಆರಂಭಿಸಿದ ಪಣಂಬೂರಿನ ಗೊಬ್ಬರ ಕಾರ್ಖಾನೆ ನಾಫ್ತಾ ಎಂಬ ದುಬಾರಿ ಎಣ್ಣೆಯನ್ನು ನೆಚ್ಚಿಕೊಂಡಿತ್ತು. ಕೊಳವೆ ಬಂದ ಮೇಲೆ ಅನಿಲಕ್ಕೆ ತಿರುಗಿತು. ಆದರೆ 45 ಕಿಲೋ ಚೀಲದ ಬೆಲೆ ಸರ್ಕಾರ ಗೊತ್ತುಮಾಡಿದ 266 ರೂಪಾಯಿ 50 ಪೈಸೆಯ ಲೆಕ್ಕದಲ್ಲೇ ಇರುವುದರಿಂದ, ಉಳಿತಾಯ ಮೊದಲು ಕಾಣುವುದು ಸರ್ಕಾರದ ಸಹಾಯಧನದಲ್ಲಿ, ರೈತನ ಜೇಬಿನಲ್ಲಲ್ಲ.

ಇನ್ನೊಂದು ದಾರಿ ನಮ್ಮ ಭಾಗಕ್ಕೆ ಹತ್ತಿರದ್ದು. ಸಗಣಿ, ಬೆಳೆ ಕಸ, ಸಕ್ಕರೆ ಕಾರ್ಖಾನೆಯ ಪ್ರೆಸ್‌ಮಡ್‌ಗಳಿಂದ ತೆಗೆದ ಜೈವಿಕ ಅನಿಲವನ್ನೂ ಇದೇ ಕೊಳವೆಗೆ ಸೇರಿಸಬಹುದು. ಪಟ್ಟಣ ಹಂಚಿಕೆಯ ಸಂಸ್ಥೆಗಳು 2025–26ರಿಂದ ಶೇಕಡಾ 1ರಷ್ಟು, 2028–29ರಿಂದ ಶೇಕಡಾ 5ರಷ್ಟು ಇಂಥ ಅನಿಲ ಬೆರೆಸಬೇಕೆಂದು ಕೇಂದ್ರ ನಿಗದಿ ಮಾಡಿದೆ. ಪ್ರೆಸ್‌ಮಡ್‌ಗೆ ಬೆಲೆ ಬಂದರೆ ಗದ್ದೆಗೆ ಸಿಗುವುದು ಕಷ್ಟವಾದೀತು. ಅನಿಲ ತೆಗೆದ ಮೇಲೆ ಉಳಿಯುವ ಗೊಬ್ಬರ ಕಬ್ಬು ಕೊಟ್ಟ ರೈತನಿಗೇ ಹಿಂದಿರುಗಬೇಕೆಂದು ಈಗಲೇ ಕೇಳುವುದು ಜಾಣತನ.

ಕೊಳವೆ ಬಂದರೆ ಮಾಡಬೇಕಾದ್ದು

1. ಪಹಣಿಯಲ್ಲಿ ಬೆಳೆಯ ದಾಖಲೆ ಸರಿಯಿದೆಯೇ ನೋಡಿಕೊಳ್ಳಿ. ಅಗೆಯುವ ಮುಂಚೆ ಮರಗಳ ಎಣಿಕೆ, ಬೋರ್‌ವೆಲ್, ಹನಿ ನೀರಾವರಿ ಎಲ್ಲವನ್ನೂ ಮಹಜರಿನಲ್ಲಿ ಬರೆಸಿ, ಫೋಟೋ ತೆಗೆದಿಡಿ.

2. ಮೇಲಿನ ಒಂದಡಿ ಮಣ್ಣನ್ನು ಬೇರೆಯಾಗಿ ರಾಶಿ ಹಾಕಿಸಿ, ಕೊನೆಯಲ್ಲಿ ಮೇಲೆಯೇ ಹರಡಿಸಿ. ತಳದ ಮಣ್ಣು ಮೇಲೆ ಬಂದರೆ ಕೆಲವು ವರ್ಷ ಇಳುವರಿ ಕುಗ್ಗುತ್ತದೆ.

3. ಕೊಳವೆಯ ಮೇಲೆ ಕನಿಷ್ಠ ಒಂದು ಮೀಟರ್ ಮಣ್ಣಿರಬೇಕು. ಮುಚ್ಚುವ ದಿನ ಹಾಜರಿದ್ದು ಅಳೆದು ನೋಡಿ.

4. ಕಾಲುವೆ, ಬದು, ಬಸಿಗಾಲುವೆ ಸರಿಯಾಗುವವರೆಗೆ ಕೆಲಸ ತೃಪ್ತಿಕರವೆಂಬ ಪತ್ರಕ್ಕೆ ಸಹಿ ಹಾಕಬೇಡಿ.

5. ಯಂತ್ರದ ಭಾರಕ್ಕೆ ಮಣ್ಣು ಗಟ್ಟಿಯಾಗಿರುತ್ತದೆ. ಸಂಸ್ಥೆ ಒಪ್ಪುವ ಆಳದವರೆಗೆ ಮಾತ್ರ ಉಳುಮೆ ಮಾಡಿ, ಕೊಟ್ಟಿಗೆ ಗೊಬ್ಬರ ಹಾಕಿ, ಮೊದಲ ಹಂಗಾಮಿನಲ್ಲಿ ಡಯಾಂಚ ಅಥವಾ ಅಪ್ಪಸೆಣಬು ಬೆಳೆದು ಹೂ ಬಿಡುವ ಮುಂಚೆ ಮಣ್ಣಿಗೆ ಸೇರಿಸಿ.

ಸುರಕ್ಷತೆಯ ಮಾತನ್ನು ಹಗುರವಾಗಿ ಕಾಣಬಾರದು. 2014ರ ಜೂನ್ 27ರಂದು ಆಂಧ್ರದ ನಗರಂ ಗ್ರಾಮದಲ್ಲಿ ಕೊಳವೆಯಿಂದ ಸೋರಿದ ಅನಿಲಕ್ಕೆ ಬೆಂಕಿ ತಗಲಿ 20ಕ್ಕೂ ಹೆಚ್ಚು ಜನ ಸತ್ತರು. ಗುರುತಿನ ಕಲ್ಲಿನ ಸಮೀಪ ಜೆಸಿಬಿಯಿಂದ ಅಗೆಸಬೇಡಿರಿ. ಸೋರುವ ಸದ್ದು ಅಥವಾ ವಾಸನೆ ಬಂದರೆ ಬೀಡಿ, ಪಂಪ್‌ಸೆಟ್ ಸ್ವಿಚ್ಚು ಮುಟ್ಟದೆ ದೂರ ಸರಿದು, ಕಲ್ಲಿನ ಮೇಲಿನ ನಂಬರಿಗೆ ತಿಳಿಸಿರಿ.

ನೋಟಿಸು ಬಂದಾಗ ಒಬ್ಬೊಬ್ಬರೇ ಕಚೇರಿಗೆ ಅಲೆಯುವ ಬದಲು ಊರವರೆಲ್ಲ ವಾಚನಾಲಯದಲ್ಲಿ ಕೂತು ಓದಿಸಿಕೊಳ್ಳಿರಿ. 21 ದಿನ ಬೇಗ ಕಳೆದುಹೋಗುತ್ತದೆ.