ಬಾಗಿಲು ತೆರೆದರು, ಮುದ್ರೆ ಕಿತ್ತುಕೊಂಡರು

ತತ್ತ್ವಶಾಸ್ತ್ರದಲ್ಲಿ ಎಂ.ಎ. ಮಾಡುವುದೆಂದರೆ ಉಂಡುಟ್ಟು ಸುಖವಾಗಿರುವವರ ಹವ್ಯಾಸವೆಂದು ನಮ್ಮಲ್ಲಿ ಬಹುಮಂದಿ ತಿಳಿದಿದ್ದಾರೆ. ಗಿರಣಿಯಲ್ಲಿ ದುಡಿಯುವವನ ಮಗನೋ ಕಿರಾಣಿ ಅಂಗಡಿಯವನ ಮಗಳೋ ಅದನ್ನು ಓದುತ್ತೇನೆಂದರೆ, "ಅದರಿಂದ ಏನು ಸಿಕ್ಕೀತು?" ಎಂಬ ಪ್ರಶ್ನೆ ಮನೆಯವರಿಗಿಂತ ಮುಂಚೆ ಊರವರಿಂದಲೇ ಬರುತ್ತದೆ. ಸಾಹುಕಾರನ ಮಗ ಅದನ್ನೇ ಓದಿದರೆ ಯಾರೂ ಹಾಗೆ ಕೇಳುವುದಿಲ್ಲ. ಅವನಿಗೆ ಅದು ಭೂಷಣ. ಈ ಭೇದ ನಮ್ಮ ದೇಶದ್ದು ಮಾತ್ರವಲ್ಲ. ಆ ಶಾಸ್ತ್ರಕ್ಕೆ ಹೆಸರುವಾಸಿಯಾದ ಫ್ರಾನ್ಸಿನಲ್ಲಿಯೇ ಇದರ ಸಲುವಾಗಿ ಒಂದು ದೊಡ್ಡ ಜಗಳ ನಡೆದುಹೋಗಿದೆ. ಅದನ್ನು ನಮ್ಮ ವಾಚಕರು ತಿಳಿದಿರುವುದು ಅವಶ್ಯ.

ಇಂಗ್ಲೆಂಡಿನ ಪಂಡಿತರು ಕಡಲಾಚೆಯ ಜರ್ಮನಿ, ಫ್ರಾನ್ಸ್ ದೇಶಗಳ ಚಿಂತನೆಗೆ 'ಕಾಂಟಿನೆಂಟಲ್', ಅಂದರೆ ಭೂಖಂಡದ ತತ್ತ್ವಶಾಸ್ತ್ರವೆಂದು ಹೆಸರಿಟ್ಟು ಬೇರೆ ಪಂಕ್ತಿಯಲ್ಲಿ ಕೂರಿಸಿದರು. (ಪಂಕ್ತಿಭೇದ ನಮ್ಮಲ್ಲಿ ಮಾತ್ರ ಇದೆಯೆಂದು ಯಾರೂ ಭಾವಿಸಬೇಕಾಗಿಲ್ಲ.) ಹೆಗೆಲ್, ನೀಟ್ಷೆ, ಹುಸೆರ್ಲ್, ಸಾರ್ತ್ರ್, ಫೂಕೋ ಮೊದಲಾದವರು ಈ ಪಂಕ್ತಿಯವರು. ಕಾರ್ಲ್ ಮಾರ್ಕ್ಸನೂ ಇಲ್ಲಿಯವನೇ. 1841ರಲ್ಲಿ ಅವನು ಜೇನಾ ವಿಶ್ವವಿದ್ಯಾನಿಲಯದಿಂದ ಡಾಕ್ಟರ್ ಪದವಿ ಪಡೆದದ್ದು ಕೂಲಿ ಬಂಡವಾಳಗಳ ಮೇಲೆ ಬರೆದಲ್ಲ. ಡೆಮಾಕ್ರಿಟಸ್, ಎಪಿಕ್ಯೂರಸ್ ಎಂಬ ಇಬ್ಬರು ಪುರಾತನ ಗ್ರೀಕರ ಪ್ರಕೃತಿ ವಿಚಾರದ ಮೇಲೆ ಬರೆದು. ಅದರಿಂದ ಏನು ಸಿಕ್ಕೀತೆಂದು ಅಂದು ಯಾರಾದರೂ ಕೇಳಿದ್ದರೆ ಅವನಿಗೂ ಉತ್ತರ ಹೇಳುವುದು ಕಷ್ಟವಾಗುತ್ತಿತ್ತು.

1968ರ ಮೇ ತಿಂಗಳಲ್ಲಿ ಫ್ರಾನ್ಸಿನ ವಿದ್ಯಾರ್ಥಿಗಳು ಬೀದಿಗಿಳಿದರು. ಬೆನ್ನಿಗೇ ಲಕ್ಷಾಂತರ ಕಾರ್ಮಿಕರು ಮುಷ್ಕರ ಹೂಡಿ, ಕಾರ್ಖಾನೆಗಳನ್ನು ಸ್ವಾಧೀನಪಡಿಸಿಕೊಂಡು ಕುಳಿತರು. ನಡುಗಿದ ಸರಕಾರವು ಶಮನೋಪಾಯವಾಗಿ ಪ್ಯಾರಿಸಿನ ಪೂರ್ವಕ್ಕಿರುವ ವಾನ್ಸೆನ್ ಎಂಬ ಕಾಡಿನಲ್ಲಿ ತರಾತುರಿಯಿಂದ ಒಂದು ವಿದ್ಯಾಪೀಠವನ್ನು ಕಟ್ಟಿ 1969ರ ಜನವರಿಯಲ್ಲಿ ತೆರೆಯಿತು. ಶಾಲಾಂತ್ಯದ ಪರೀಕ್ಷೆ ಪಾಸಾಗದಿದ್ದರೂ ದುಡಿಮೆಯಲ್ಲಿ ತೊಡಗಿದ್ದವರಿಗೆ ಅಲ್ಲಿ ಪ್ರವೇಶವಿತ್ತು. ಪಾಳಿ ಮುಗಿಸಿ ಬರುವವರಿಗೆಂದು ರಾತ್ರಿಯವರೆಗೂ ಪಾಠ ನಡೆಯುತ್ತಿತ್ತು. ತತ್ತ್ವಶಾಸ್ತ್ರ ವಿಭಾಗದ ಮೊದಲ ಮುಖ್ಯಸ್ಥನಾಗಿ ಬಂದವನು ಮಿಷೆಲ್ ಫೂಕೋ. ಜೊತೆಗೆ ಅಲೇನ್ ಬಾದಿಯು, ಜಾಕ್ ರಾನ್ಸಿಯೇರ್. ತರುವಾಯ ಜಿಲ್ ದೆಲೂಜ್. ಇಂದು ಜಗತ್ತಿನ ಯಾವ ಮೂಲೆಯಲ್ಲಿ ಈ ಶಾಸ್ತ್ರದ ಎಂ.ಎ. ತರಗತಿಗೆ ಹೋದರೂ ಇವರ ಗ್ರಂಥಗಳನ್ನು ಓದದೆ ವಿಧಿಯಿಲ್ಲ. ಅಂಥವರು ದುಡಿಯುವ ಜನರನ್ನು ಎದುರಿಗೆ ಕೂರಿಸಿಕೊಂಡು ಪಾಠ ಹೇಳಿದರು.

ಒಂದು ವರ್ಷ ತುಂಬಿತು. 1970ರ ಜನವರಿಯಲ್ಲಿ ಶಿಕ್ಷಣಮಂತ್ರಿ ಒಲಿವಿಯೇ ಗಿಶಾರ್ ಅವರು ಅಲ್ಲಿಯ ತತ್ತ್ವಶಾಸ್ತ್ರದ ಪದವಿಗಿದ್ದ ರಾಷ್ಟ್ರೀಯ ಮನ್ನಣೆಯನ್ನು ಹಿಂತೆಗೆದುಕೊಂಡರು. ಪಾಠಗಳಲ್ಲಿ ಮಾರ್ಕ್ಸ್‌ವಾದ ಹೆಚ್ಚಾಯಿತೆಂಬುದು ಅವರ ದೂರು. ವಿಭಾಗವನ್ನು ಮುಚ್ಚಲಿಲ್ಲ, ಅಧ್ಯಾಪಕರ ಬಾಯಿ ಕಟ್ಟಲಿಲ್ಲ. ಆದರೆ ಆ ಪದವಿ ಹಿಡಿದು ಸರಕಾರಿ ಶಾಲೆಯಲ್ಲಿ ತತ್ತ್ವಶಾಸ್ತ್ರದ ಉಪಾಧ್ಯಾಯನಾಗಲು ಬಾರದೆಂದಾಯಿತು.

ಅಂಗಡಿಕಾರ ಮಿತ್ರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತೂಕದ ಕಲ್ಲು ಎಷ್ಟೇ ಸರಿಯಾಗಿರಲಿ, ಸರಕಾರಿ ಮುದ್ರೆಯಿಲ್ಲದಿದ್ದರೆ ತಕ್ಕಡಿಯಲ್ಲಿ ಇಡುವಂತಿಲ್ಲ. ಮುದ್ರೆ ಹೋದದ್ದರಿಂದ ಶ್ರೀಮಂತನ ಮಗನಿಗೆ ನಷ್ಟವೇನೂ ಆಗಲಿಲ್ಲ. ಅವನು ವಾನ್ಸೆನ್‌ಗೆ ಬಂದು ಫೂಕೋನ ಮಾತು ಕೇಳಿ, ಪದವಿಯನ್ನು ಬೇರೆಡೆ ಪಡೆಯಬಲ್ಲ. ಹಗಲು ಯಂತ್ರದ ಮುಂದೆ ನಿಂತು ಇರುಳು ಓದಿದವನಿಗೆ ಆ ಕಾಗದವೊಂದೇ ಮುಂದಿನ ಮೆಟ್ಟಿಲು. ಅದನ್ನೇ ಸೇರಿಸಿ ಕಿತ್ತರು.

ಸತ್ಯಕ್ಕಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಆ ವಿಭಾಗದ ಅಧ್ಯಾಪಕಿಯೊಬ್ಬರು, ಪದವಿಗೆ ಬೇಕಾದ ಅಂಕಗಳನ್ನು ಕೇಳಿದವರಿಗೆಲ್ಲ ಕೊಟ್ಟುಬಿಡುವ ಮಾತನ್ನು ಪತ್ರಿಕೆಯೊಂದರಲ್ಲಿ ಬಹಿರಂಗವಾಗಿ ಆಡಿದರು. ಇದು ಕ್ರಾಂತಿಕಾರಕವೆಂದು ಕೆಲವರಿಗೆ ತೋರಿರಬಹುದು. ನಮಗೆ ಹಾಗೆ ತೋರುವುದಿಲ್ಲ. ಪರೀಕ್ಷೆಯಿಲ್ಲದೆ ಹಂಚಿದ ಪದವಿಗೆ ಬೆಲೆಯಿಲ್ಲ; ಬೆಲೆಯಿಲ್ಲದ್ದು ಬೇಕಾದದ್ದು ಕಾರ್ಮಿಕನಿಗಲ್ಲ. ಪ್ರತಿಗಾಮಿಗಳ ಕೈಗೆ ನಾವಾಗಿಯೇ ಕೋಲು ಕೊಡುವ ಇಂಥ ಚಾಳಿ ಎಡಪಕ್ಷಗಳಲ್ಲಿ ಹೊಸದೇನೂ ಅಲ್ಲ.

ಆದರೂ ಜನ ಬರುವುದನ್ನು ಬಿಡಲಿಲ್ಲ. ಕೆಲವೇ ಸಾವಿರ ಮಂದಿಗೆಂದು ಕಟ್ಟಿದ ಕಟ್ಟಡದಲ್ಲಿ ವರ್ಷದಿಂದ ವರ್ಷಕ್ಕೆ ಕಾಲಿಡಲು ಜಾಗವಿಲ್ಲದಂತಾಯಿತು. 1980ರ ಬೇಸಿಗೆಯಲ್ಲಿ ಇಡೀ ವಿದ್ಯಾಪೀಠವನ್ನು ಸೆಂ-ದೆನಿ ಎಂಬ ಕಾರ್ಖಾನೆಗಳ ಉಪನಗರಕ್ಕೆ ಸಾಗಿಸಿ, ಕಾಡಿನೊಳಗಿನ ಕಟ್ಟಡಗಳನ್ನು ನೆಲಸಮ ಮಾಡಿದರು. ಅಲ್ಲಿ ಆ ವಿಭಾಗ ಇಂದಿಗೂ ಬದುಕಿದೆ.

ಈ ಓದಿನಿಂದ ದುಡಿಯುವವರಿಗೇನು ಎನ್ನುವವರು ಅದೇ ವಿಭಾಗದ ರಾನ್ಸಿಯೇರ್ ಮಾಡಿದ ಸಂಶೋಧನೆಯನ್ನು ನೋಡಬೇಕು. ಡಾಕ್ಟರ್ ಪದವಿಗಾಗಿ ಅವರು ವರ್ಷಗಟ್ಟಲೆ ತಡಕಾಡಿದ್ದು 1830ರ ಸುಮಾರಿನ ಫ್ರೆಂಚ್ ಕಾರ್ಮಿಕರು ಬರೆದಿಟ್ಟ ಹಳೆಯ ಕಾಗದಗಳನ್ನು. 1981ರಲ್ಲಿ ಗ್ರಂಥವಾಗಿ ಬಂದ ಆ ಸಂಶೋಧನೆಯಲ್ಲಿ ದರ್ಜಿಗಳಿದ್ದಾರೆ, ಚಮ್ಮಾರರಿದ್ದಾರೆ, ಗೋನಿ ಎಂಬೊಬ್ಬ ಬಡಗಿಯಿದ್ದಾನೆ. ಈ ಗೋನಿ ಮನೆಗಳಿಗೆ ಮರದ ನೆಲಹಾಸು ಕೂರಿಸುತ್ತಿದ್ದವನು. ತನ್ನ ದುಡಿಮೆಯ ದಿನ ಗಳಿಗೆ ಗಳಿಗೆಗೂ ತನ್ನ ಮೈಮನಸ್ಸುಗಳನ್ನು ಹೇಗೆ ಹಿಂಡುತ್ತದೆಂದು ಅವನು ಬರೆದಿಟ್ಟಿದ್ದಾನೆ. ಈ ಜನ ಹೆಚ್ಚು ಕೂಲಿಯನ್ನು ಕೇಳಿದರು, ನಿಜ. ಅದರೊಡನೆ ಯೋಚಿಸುವುದಕ್ಕೆ ಹೊತ್ತನ್ನೂ ಕೇಳಿದರು. ಕೊಡದಿದ್ದಾಗ ನಿದ್ರೆಗೆಟ್ಟು ರಾತ್ರಿಯಿಂದ ಕದ್ದುಕೊಂಡರು. ಕಾರ್ಮಿಕನಿಗೆ ಹೊಟ್ಟೆಯ ಚಿಂತೆಯೊಂದೇ ಎಂದು ಭಾಷಣ ಬಿಗಿಯುವವರು ಇದನ್ನು ಓದಬೇಕು.

ಬಾಗಿಲನ್ನು ಮುಚ್ಚುವ ಬಗೆ ಈಗ ಬೇರೆಯಾಗಿದೆ. ಮಂತ್ರಿಗಳು ಮಾರ್ಕ್ಸನ ಹೆಸರೆತ್ತುವುದಿಲ್ಲ, ಲೆಕ್ಕದ ಪುಸ್ತಕ ತೆರೆಯುತ್ತಾರೆ. ಲಂಡನ್ನಿನ ಮಿಡ್ಲ್‌ಸೆಕ್ಸ್ ವಿಶ್ವವಿದ್ಯಾನಿಲಯವು 2010ರಲ್ಲಿ ತನ್ನ ತತ್ತ್ವಶಾಸ್ತ್ರದ ಪಾಠವನ್ನು ನಿಲ್ಲಿಸುವುದಾಗಿ ಸಾರಿತು. ಎರಡು ವರ್ಷಗಳ ಹಿಂದೆ ನಡೆದ ಸರಕಾರಿ ಮೌಲ್ಯಮಾಪನದಲ್ಲಿ ಆ ಸಂಸ್ಥೆಯ ಎಲ್ಲ ವಿಷಯಗಳ ಪೈಕಿ ಮೇಲಾಗಿ ಬಂದದ್ದು ಅದೇ ವಿಷಯ! ವಿದ್ಯಾರ್ಥಿಗಳು ಕಟ್ಟಡವನ್ನು ಹಿಡಿದು ಕುಳಿತರು; ಕೊನೆಗೆ ಎಂ.ಎ., ಸಂಶೋಧನೆಗಳ ಕೇಂದ್ರವು ಕಿಂಗ್‌ಸ್ಟನ್ ವಿಶ್ವವಿದ್ಯಾನಿಲಯದಲ್ಲಿ ಆಸರೆ ಪಡೆಯಿತು. ಫ್ರಾನ್ಸ್ ಸರಕಾರವು 2019ರಲ್ಲಿ ಐರೋಪ್ಯ ಒಕ್ಕೂಟದ ಹೊರಗಿನವರ ಎಂ.ಎ. ಶುಲ್ಕವನ್ನು ವರ್ಷಕ್ಕೆ 243 ಯೂರೋಗಳಿಂದ 3770ಕ್ಕೆ ಏರಿಸಿತು. ಹದಿನೈದು ಪಟ್ಟಿಗೂ ಮಿಕ್ಕಿದ ಈ ಏರಿಕೆಯ ಯೋಜನೆಗೆ 'ಫ್ರಾನ್ಸಿಗೆ ಸುಸ್ವಾಗತ' ಎಂದು ಹೆಸರು! ಹಲವು ವಿಶ್ವವಿದ್ಯಾನಿಲಯಗಳು ಪ್ರತಿಭಟಿಸಿ ವಿನಾಯಿತಿ ಕೊಟ್ಟವೆಂಬುದಷ್ಟೇ ಸಮಾಧಾನ. ಆ ಹೊರಗಿನವರಲ್ಲಿ ನಮ್ಮ ಮಕ್ಕಳೂ ಸೇರಿದ್ದಾರೆ.

ಆ ಭೂಖಂಡದ ಓದು ನಮ್ಮ ಚಳವಳಿಗೆ ಪರಕೀಯವಲ್ಲ. ಡಾ. ರಾಮಮನೋಹರ ಲೋಹಿಯಾರವರು ಬರ್ಲಿನ್ನಿನಲ್ಲಿ ಭಾರತದ ಉಪ್ಪಿನ ತೆರಿಗೆಯನ್ನು ಕುರಿತು ಸಂಶೋಧನೆ ನಡೆಸಿ ಡಾಕ್ಟರ್ ಆಗಿ 1933ರಲ್ಲಿ ಮರಳಿದರು. 1951ರಲ್ಲಿ ಕಾಗೋಡಿನ ಗೇಣಿದಾರರ ಪರವಾಗಿ ನಿಂತು ದಸ್ತಗಿರಿಯಾದರು. ಜನರ ಭಾಷೆಯಲ್ಲಿಯೇ ವಿದ್ಯೆ ನಡೆಯಬೇಕೆಂದು ಅವರು ಹೇಳುತ್ತಲೇ ಹೋದರು.

ಆದುದರಿಂದ ನಮ್ಮ ಬೇಡಿಕೆ ಇಷ್ಟು. ತತ್ತ್ವಶಾಸ್ತ್ರದ ಎಂ.ಎ. ಪಾಠ ಸಂಜೆಯ ಹೊತ್ತಿನಲ್ಲಿಯೂ ನಡೆಯಲಿ, ಕನ್ನಡದಲ್ಲಿ ನಡೆಯಲಿ. ಶುಲ್ಕ ಕೂಲಿಕಾರನ ಬಟವಾಡೆಗೆ ನಿಲುಕುವಷ್ಟಿರಲಿ. ಪರೀಕ್ಷೆ ಬಿಗಿಯಾಗಿಯೇ ಇರಲಿ. ಸಂಜೆಯ ಪದವಿಯ ಮೇಲೂ ಹಗಲಿನ ಪದವಿಯ ಮುದ್ರೆಯೇ ಬೀಳಲಿ. ಕೆಲಸ ಕೊಡುವಾಗ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಿ. ಕಾರ್ಮಿಕ ಸಂಘಗಳು ತಮ್ಮ ಮುಂದಿನ ಸಭೆಯಲ್ಲಿ ಬೋನಸ್ಸಿನ ಠರಾವಿನ ಜೊತೆಯಲ್ಲಿಯೇ ಇದನ್ನೂ ಠರಾಯಿಸಿ ವಿಶ್ವವಿದ್ಯಾನಿಲಯಕ್ಕೆ ಕಳಿಸಬೇಕೆಂದು ಕೋರುತ್ತೇವೆ.