ಬೆನ್ನು ಡೊಂಕಾದರೂ ಗುರಿ ನೆಟ್ಟಗೆ



ಕಳೆದ ಸಂಚಿಕೆಯಲ್ಲಿ ನಿಂಬೆ ಉಪ್ಪಿನಕಾಯಿಗೆ ಬೂಷ್ಟು ಹಿಡಿಯದ ಹಾಗೆ ಏನು ಮಾಡಬೇಕು ಅಂತ ಬರೆದಿದ್ದೆ. ಈ ಸಲ ಅಡಿಗೆಮನೆ ಬಾಗಿಲು ಮುಂದೆ ಮಾಡಿ, ನಿಮ್ಮನ್ನು ಒಂದು ಆಟದ ಮೇಜಿನ ಹತ್ತಿರ ಕರೆದುಕೊಂಡು ಹೋಗ್ತೀನಿ. "ನಮಗೂ ಆಟಕ್ಕೂ ಏನ್ರೀ ಸಂಬಂಧ?" ಅಂತ ಪುಟ ತಿರುವಬೇಡಿ. ಸಂಬಂಧ ಇದೆ. ಅದು ಶುರುವಾಗಿದ್ದು ನಮ್ಮ ಬೀದಿಯ ದರ್ಜಿಯ ಅಂಗಡಿಯಲ್ಲಿ.

ಹೋದ ವರ್ಷ ನಮ್ಮ ನಾದಿನಿಯ ಮಗನ ಮುಂಜಿಗೆ ಅಂತ ಮಗಳಿಗೆ ಲಂಗ ದಾವಣಿ ಹೊಲಿಸಲು ಹೋಗಿದ್ದೆ. ಅವಳಿಗೆ ಆಗ ಹದಿಮೂರು ವರ್ಷ. ರವಿಕೆಗೆ ಅಳತೆ ತೆಗೆಯುತ್ತಿದ್ದ ದರ್ಜಿಯಮ್ಮ ಟೇಪನ್ನು ಎರಡು ಸಲ ಹಿಡಿದು ನೋಡಿದರು. ಮೂರನೇ ಸಲ ನನ್ನನ್ನು ಪಕ್ಕಕ್ಕೆ ಕರೆದು, "ಅಮ್ಮಾ, ತಪ್ಪು ತಿಳೀಬೇಡಿ. ಮಗೂಗೆ ಒಂದು ಭುಜ ಮೇಲಿದೆ, ಒಂದು ಕೆಳಗಿದೆ. ಸೊಂಟಾನೂ ಒಂದು ಕಡೆ ಹೆಚ್ಚು ಒಳಕ್ಕೆ ಹೋಗಿದೆ. ಡಾಕ್ಟರಿಗೆ ತೋರಿಸಿ" ಅಂದರು. ದಿನಾ ತಲೆ ಬಾಚಿ ಜಡೆ ಹಾಕುವ ನನಗೆ ಕಾಣದ್ದು ಅವರಿಗೆ ಕಂಡಿತು!

ಮೂಳೆ ಡಾಕ್ಟರು ಎಕ್ಸ್‌ರೇ ತೆಗೆಸಿದರು. "ಸ್ಕೋಲಿಯೋಸಿಸ್" ಅಂದರು. ಅಂದರೆ ಬೆನ್ನುಮೂಳೆ ನೆಟ್ಟಗೆ ಬೆಳೆಯದೆ ಪಕ್ಕಕ್ಕೆ ಬಾಗುವುದು. ಮಗಳದು 28 ಡಿಗ್ರಿ ಬಾಗಿತ್ತು. ಭಾರದ ಶಾಲೆಯ ಚೀಲದಿಂದ ಬಂತೋ, ಸೊಟ್ಟಗೆ ಕೂತು ಓದಿದ್ದರಿಂದ ಬಂತೋ ಅಂತ ನಾನು ಕೇಳಿದೆ. ಎರಡೂ ಅಲ್ಲವಂತೆ. ಹತ್ತರಿಂದ ಹದಿನೈದು ವರ್ಷದೊಳಗೆ, ಮಕ್ಕಳು ದಿಢೀರನೆ ಉದ್ದ ಬೆಳೆಯುವ ಕಾಲದಲ್ಲಿ ಇದು ಕಾಣಿಸಿಕೊಳ್ಳುತ್ತದೆ. ಬಹುಪಾಲು ಮಕ್ಕಳಲ್ಲಿ ಕಾರಣವೇ ಗೊತ್ತಾಗುವುದಿಲ್ಲ. ಬಾಗು ಹೆಚ್ಚಾಗಿ ಚಿಕಿತ್ಸೆ ಬೇಕಾಗುವುದು ಗಂಡುಮಕ್ಕಳಿಗಿಂತ ಹೆಣ್ಣುಮಕ್ಕಳಿಗೇ ಜಾಸ್ತಿ. ಬೆಳೆಯುವ ಮಕ್ಕಳಿಗೆ ಸುಮಾರು 25ರಿಂದ 40 ಡಿಗ್ರಿಯ ತನಕ ಬಿಗಿಯಾದ ಬ್ರೇಸ್ ಕಟ್ಟುತ್ತಾರೆ. 45, 50 ದಾಟಿದರೆ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. ನಮ್ಮವಳಿಗೆ ಬ್ರೇಸ್ ಸಾಕು ಅಂದರು. "ಆಟ ಬಿಡಿಸಬೇಡಿ. ಆಡುವಾಗ ಬಿಚ್ಚಿ, ಆಮೇಲೆ ಮತ್ತೆ ಹಾಕಿ" ಅಂತ ಒತ್ತಿ ಹೇಳಿದರು.

ಇಲ್ಲಿಂದ ಮುಂದೆ ನಾನು ಮಾಡಿದ ತಪ್ಪನ್ನು ಹೇಳ್ತೀನಿ, ಕೇಳಿ.

ಮನೆಗೆ ಬಂದು ವಿಷಯ ತಿಳಿಸಿದಾಗ ನಮ್ಮತ್ತೆಯವರು ಮೊದಲು ಆಡಿದ ಮಾತು, "ಹೊರಗೆ ಯಾರ ಕಿವಿಗೂ ಬೀಳಬಾರದು. ನಾಳೆ ಇವಳನ್ನ ಯಾರು ಕೇಳ್ಕೊಂಡು ಬರ್ತಾರೆ?" ಅವರನ್ನು ದೂರಿ ಫಲವಿಲ್ಲ, ನನ್ನ ಮನಸ್ಸಿನಲ್ಲೂ ಅದೇ ಇತ್ತು. ಆಟದ ಪೀರಿಯಡ್‌ನಲ್ಲಿ ಬ್ರೇಸ್ ಬಿಚ್ಚಿದರೆ ಎಲ್ಲರಿಗೂ ಗೊತ್ತಾಗುತ್ತದಲ್ಲ! ಅದಕ್ಕೇ ಶಾಲೆಗೆ "ಮಗುವಿಗೆ ಉಬ್ಬಸ, ಆಟ ಬೇಡ" ಅಂತ ಸುಳ್ಳು ಚೀಟಿ ಬರೆದುಕೊಟ್ಟೆ. ಖೋ ಖೋ ತಂಡದಲ್ಲಿದ್ದ ಹುಡುಗಿ ಜಗಲಿಯ ಮೇಲೆ ಕೂತು ಮಿಕ್ಕವರ ಚಪ್ಪಲಿ ಕಾಯುವ ಹಾಗಾಯಿತು. ಮುಂಜಿ ಮನೆಯಲ್ಲೂ ದಾವಣಿ ಬಿಟ್ಟು ದೊಗಳೆ ಚೂಡಿದಾರ್ ಹಾಕಿಸಿದೆ. ಬರಬರುತ್ತ ಮಗಳಿಗೆ ಮಾತೇ ಕಡಿಮೆಯಾಯಿತು. "ಬೆಳೆಯೋ ವಯಸ್ಸು, ಸರಿಹೋಗತ್ತೆ" ಅಂದುಕೊಂಡೆ.

ಬೇಸಿಗೆ ರಜದಲ್ಲಿ ಬೆಂಗಳೂರಿನಿಂದ ನಮ್ಮಕ್ಕನ ಮಗ ಬಂದ. ಅವನಿಗೆ ಪೂಲ್ ಆಟದ ಹುಚ್ಚು. ತಂಗಿ ಮಂಕಾಗಿ ಕೂತಿರುವುದನ್ನು ನೋಡಿ, "ಬಾರೇ, ನಿನಗೊಬ್ಬರನ್ನ ತೋರಿಸ್ತೀನಿ" ಅಂತ ಫೋನಿನಲ್ಲಿ ಒಬ್ಬ ಹೆಂಗಸು ಆಡುವುದನ್ನು ತೋರಿಸಿದ. ಮೈ ತುಂಬ ಕಪ್ಪು ಬಟ್ಟೆ, ಉದ್ದ ಕಪ್ಪು ಕೂದಲು, ಕೈಯಲ್ಲಿ ಕೋಲು. ಹೆಸರು ಜೀನೆಟ್ ಲೀ. ಹುರಳಿಕಾಯಿ ಹೆಚ್ಚುತ್ತಾ ಓರೆಗಣ್ಣಿನಲ್ಲಿ ನೋಡುತ್ತಿದ್ದ ನಾನು ಈಳಿಗೆಮಣೆ ಬಿಟ್ಟು ಎದ್ದು ಬಂದೆ.

ಪೂಲ್ ಅಂದರೆ ಏನು ಅಂತ ಕೇಳಿದಿರಾ? ನಮ್ಮ ಕೇರಂ ಬೋರ್ಡನ್ನು ದೊಡ್ಡದು ಮಾಡಿ, ಒಂಬತ್ತಡಿ ಉದ್ದ, ನಾಲ್ಕೂವರೆ ಅಡಿ ಅಗಲದ ಮೇಜಿಗೆ ಬಟ್ಟೆ ಹೊದಿಸಿದ್ದಾರೆ ಅಂದುಕೊಳ್ಳಿ. ನಾಲ್ಕು ಮೂಲೆಗೆ ನಾಲ್ಕು, ಉದ್ದದ ಎರಡು ಬದಿಯ ನಡುವೆ ಒಂದೊಂದು, ಒಟ್ಟು ಆರು ಕುಳಿ. ಸ್ಟ್ರೈಕರ್ ಬದಲು ಬಿಳಿ ಚೆಂಡು, ಅದನ್ನು ಹೊಡೆಯುವುದು ಕ್ಯೂ ಎಂಬ ಕೋಲಿನಿಂದ. ಜೀನೆಟ್ ಹೆಸರು ಮಾಡಿದ 'ನೈನ್ ಬಾಲ್' ಆಟದಲ್ಲಿ ಒಂದರಿಂದ ಒಂಬತ್ತರವರೆಗೆ ಅಂಕಿ ಬರೆದ ಚೆಂಡುಗಳಿರುತ್ತವೆ. ಮೇಜಿನ ಮೇಲೆ ಉಳಿದಿರುವ ಅತಿ ಕಡಿಮೆ ಅಂಕಿಯ ಚೆಂಡಿಗೇ ಬಿಳಿಯದು ಮೊದಲು ತಾಗಬೇಕು. ಒಂಬತ್ತನ್ನು ನಿಯಮದಂತೆ ಕುಳಿಗೆ ಹಾಕಿದವರು ಗೆದ್ದಂತೆ.

ಒಂದು ಚೆಂಡು ಹಾಕಿದರೆ ಮುಗಿಯಲಿಲ್ಲ. ಮುಂದಿನದನ್ನು ಹೊಡೆಯಲು ಅನುಕೂಲವಾಗುವ ಕಡೆ ಬಿಳಿ ಚೆಂಡು ಹೋಗಿ ನಿಲ್ಲಬೇಕು. ಇದು ನಮಗೆ ಹೊಸದೇನಲ್ಲ ಬಿಡಿ. ಸಾರಿಗೆ ಒಗ್ಗರಣೆ ಹಾಕುವಾಗಲೇ ನಾಳೆಯ ದೋಸೆಗೆ ಅಕ್ಕಿ ನೆನೆಸಿದೆವೋ ಇಲ್ಲವೋ ಅಂತ ಲೆಕ್ಕ ಹಾಕುವವರಲ್ಲವೇ ನಾವು!

ಜೀನೆಟ್ ಲೀ 1971ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಹುಟ್ಟಿದವಳು. ಮನೆಯವರು ಕೊರಿಯಾದ ಮೂಲದವರು. ನನ್ನ ಮಗಳ ಕಣ್ಣರಳಿದ್ದು ಮುಂದಿನ ಮಾತಿಗೆ. ಹದಿಹರೆಯಕ್ಕೆ ಕಾಲಿಡುವಾಗಲೇ ಅವಳಿಗೂ ಸ್ಕೋಲಿಯೋಸಿಸ್! ಬಾಗು ಹೆಚ್ಚಿದ್ದರಿಂದ ಶಸ್ತ್ರಚಿಕಿತ್ಸೆ ಮಾಡಿ ಬೆನ್ನಿಗೆ ಲೋಹದ ಸಲಾಕೆ ಕೂರಿಸಿದರು. ಅಲ್ಲಿಗೂ ಮುಗಿಯಲಿಲ್ಲ. ಮುಂದೆ ಹತ್ತಕ್ಕಿಂತ ಹೆಚ್ಚು ಸಲ ಅವಳು ಆಪರೇಷನ್ ಮೇಜಿನ ಮೇಲೆ ಮಲಗಬೇಕಾಯಿತು. ಪೂಲ್ ಆಡುವವರು ಗಲ್ಲ ಕೋಲಿಗೆ ತಾಗುವಷ್ಟು ಬಗ್ಗಿ ಗುರಿ ಹಿಡಿಯುತ್ತಾರೆ. ಸಲಾಕೆ ಕೂರಿಸಿದ ಬೆನ್ನು ನಮ್ಮ ನಿಮ್ಮ ಬೆನ್ನಿನ ಹಾಗೆ ಬಾಗುವುದಿಲ್ಲ. ಆ ನೋವಿನಲ್ಲಿ ಗಂಟೆಗಟ್ಟಲೆ ಬಗ್ಗುವ ಆಟವನ್ನೇ ಅವಳು ಆರಿಸಿಕೊಂಡಳು.

ಕೋಲು ಹಿಡಿದಿದ್ದಾದರೂ ಯಾವಾಗ? 1989ರಲ್ಲಿ, ಹದಿನೆಂಟನೆಯ ವಯಸ್ಸಿನಲ್ಲಿ, ನ್ಯೂಯಾರ್ಕಿನ ಒಂದು ಪೂಲ್ ಹಾಲಿನಲ್ಲಿ ವಯಸ್ಸಾದ ಆಟಗಾರನೊಬ್ಬನ ಕೈಚಳಕ ನೋಡಿ ಮರುಳಾಗಿ! ಆಮೇಲೆ ಹಗಲು ರಾತ್ರಿ ಅದೇ ಧ್ಯಾನ. ಕೋಲಿಗೆ ಆಸರೆಯಾಗುವ ಕೈಯ ಬೆರಳುಗಳು ಸರಿಯಾಗಿ ಕೂರಲಿ ಅಂತ ಅವುಗಳಿಗೆ ಪಟ್ಟಿ ಸುತ್ತಿಕೊಂಡು ಮಲಗುತ್ತಿದ್ದಳಂತೆ. ಕೆಲವೇ ವರ್ಷಗಳಲ್ಲಿ ವೃತ್ತಿ ಆಟಗಾರ್ತಿಯಾದಳು. 1994ರಲ್ಲಿ ಅಮೆರಿಕದ ಓಪನ್ ನೈನ್ ಬಾಲ್ ಗೆದ್ದಳು. ಮಹಿಳೆಯರಲ್ಲಿ ಲೋಕಕ್ಕೇ ಒಂದನೆಯ ಸ್ಥಾನಕ್ಕೆ ಏರಿದಳು.

ಜನ ಅವಳಿಗೆ ಇಟ್ಟ ಹೆಸರು 'ಬ್ಲ್ಯಾಕ್ ವಿಡೋ'. ನಮ್ಮ ಕಡೆ ಆ ಮಾತನ್ನು ಬಾಯಲ್ಲಿ ಆಡಲೂ ಹಿಂಜರಿಯುತ್ತೇವೆ. ಅಮೆರಿಕದಲ್ಲಿ ಅದೊಂದು ವಿಷದ ಜೇಡದ ಹೆಸರು. ಹೆಣ್ಣು ಜೇಡ ಗಂಡನ್ನೇ ತಿಂದುಹಾಕುತ್ತದೆ ಅಂತ ಪ್ರತೀತಿ. ನೋಡಲು ಸಾಧುವಾದ ಹುಡುಗಿ ಮೇಜಿನ ಮುಂದೆ ನಿಂತರೆ ಎದುರಾಳಿಯನ್ನು ಉಳಿಸುತ್ತಿರಲಿಲ್ಲ, ಅದಕ್ಕೇ ಆ ಬಿರುದು. ಅವಳು ಅದನ್ನು ಅವಮಾನ ಅಂದುಕೊಳ್ಳದೆ ತನ್ನ ಗುರುತಾಗಿಯೇ ಮಾಡಿಕೊಂಡಳು.

ಏರಿದವರು ಅಲ್ಲೇ ಇರುತ್ತಾರೆಯೇ? 1995ರಲ್ಲಿ ಇಂಗ್ಲೆಂಡಿನಿಂದ ಆಲಿಸನ್ ಫಿಷರ್ ಎಂಬಾಕೆ ಬಂದಳು. ಸ್ನೂಕರ್‌ನಲ್ಲಿ ಆಗಲೇ ವಿಶ್ವ ಪ್ರಶಸ್ತಿಗಳನ್ನು ಗೆದ್ದವಳು, ಪೂಲ್‌ನಲ್ಲೂ ಎಲ್ಲರನ್ನೂ ಹಿಂದೆ ಹಾಕಿದಳು. ಜೀನೆಟ್ ಆಟ ಬಿಟ್ಟು ಮೂಲೆ ಸೇರಲಿಲ್ಲ. ಆಡುತ್ತಲೇ ಇದ್ದಳು. 2001ರಲ್ಲಿ ಜಪಾನಿನ ಅಕಿತಾದಲ್ಲಿ ನಡೆದ ವರ್ಲ್ಡ್ ಗೇಮ್ಸ್‌ನಲ್ಲಿ ಚಿನ್ನದ ಪದಕ ತಂದಳು. ಸೊಸೆ ಬಂದ ಮಾತ್ರಕ್ಕೆ ಸೌಟು ಕೆಳಗಿಡಬೇಕಾಗಿಲ್ಲ, ಅಲ್ಲವೇ?

ಪೂಲ್‌ಗೆ ಹತ್ತಿರದ ನಂಟಾದ ಸ್ನೂಕರ್ ಹುಟ್ಟಿದ್ದು ನಮ್ಮ ದೇಶದಲ್ಲೇ, 1875ರಲ್ಲಿ ಜಬಲ್ಪುರದಲ್ಲಿ, ಬ್ರಿಟಿಷ್ ಸೈನ್ಯಾಧಿಕಾರಿಗಳ ನಡುವೆ. ಬೆಂಗಳೂರಿನಲ್ಲಿ ಬೆಳೆದ ಪಂಕಜ್ ಅಡ್ವಾಣಿ 2003ರಲ್ಲಿ, ಹದಿನೆಂಟನೆಯ ವಯಸ್ಸಿಗೇ, ಅದರಲ್ಲಿ ವಿಶ್ವ ಚಾಂಪಿಯನ್ ಆದದ್ದು ನಿಮಗೆ ನೆನಪಿರಬಹುದು. ಕರ್ನಾಟಕದ ಪರವಾಗಿ ಆಡಿದ ವಿದ್ಯಾ ಪಿಳ್ಳೈ 2017ರಲ್ಲಿ ಸಿಂಗಪುರದಲ್ಲಿ ವಿಶ್ವ ಮಹಿಳಾ ಸ್ನೂಕರ್ ಫೈನಲ್ ತಲುಪಿ 6-5ರಲ್ಲಿ ಸೋತರು. ಒಂದೇ ಒಂದು ಫ್ರೇಮಿನ ಅಂತರ! ನಮ್ಮ ಹೆಣ್ಣುಮಕ್ಕಳ ಹೆಸರು ನಮ್ಮ ಮನೆಗಳಲ್ಲಿ ಯಾಕೆ ಕೇಳಿಬರುವುದಿಲ್ಲವೋ ಕಾಣೆ.

ಮತ್ತೆ ಜೀನೆಟ್ ಕಡೆಗೆ ಬರೋಣ. ಖ್ಯಾತಿ ಬಂದ ಮೇಲೆ ಅವಳು ತನ್ನ ಬೆನ್ನಿನ ವಿಷಯವನ್ನು ಎಲ್ಲರೆದುರು ಮಾತಾಡಿದಳು. ಸ್ಕೋಲಿಯೋಸಿಸ್ ಇರುವವರ ಪರವಾಗಿ ನಿಂತಳು. 2021ರಲ್ಲಿ, ಐವತ್ತು ತುಂಬುವ ಮೊದಲೇ, ಅಂಡಾಶಯದ ಕ್ಯಾನ್ಸರ್, ನಾಲ್ಕನೆಯ ಹಂತ ಅಂತ ಗೊತ್ತಾಯಿತು. ಮನೆಯಲ್ಲಿ ಮೂವರು ಹೆಣ್ಣುಮಕ್ಕಳು. ಆಗಲೂ ಅವಳು ಮುಚ್ಚಿಡಲಿಲ್ಲ, ಜಗತ್ತಿಗೆಲ್ಲ ತಿಳಿಸಿದಳು. ಆ ಮಕ್ಕಳ ಸಲುವಾಗಿ ಸ್ನೇಹಿತರು ನಿಧಿ ಕೂಡಿಸಿದರು. ಚಿಕಿತ್ಸೆ ನಡೆಯಿತು. 2022ರಲ್ಲಿ ಅವಳ ಬದುಕಿನ ಬಗ್ಗೆ ಸಾಕ್ಷ್ಯಚಿತ್ರವೂ ಬಂತು.

ಇಷ್ಟನ್ನೆಲ್ಲ ಅಣ್ಣ ಹೇಳಿ ಮುಗಿಸಿದ ಮೇಲೆ ಮಗಳು ನನ್ನ ಕಡೆ ತಿರುಗಿದಳು. "ಅಮ್ಮಾ, ಇವಳ ಅಮ್ಮ ಉಬ್ಬಸ ಅಂತ ಚೀಟಿ ಬರೆದುಕೊಟ್ಟಿದ್ದರೆ ಇವಳು ಏನಾಗ್ತಿದ್ದಳು?"

ನನ್ನ ಹತ್ತಿರ ಉತ್ತರ ಇರಲಿಲ್ಲ ಕಣ್ರೀ. ಹುರಳಿಕಾಯಿ ತಟ್ಟೆ ಎತ್ತಿಕೊಂಡು ಒಳಗೆ ಹೋದೆ. ಮಗುವಿನ ಬೆನ್ನನ್ನು ಅಷ್ಟಿಷ್ಟು ಬಗ್ಗಿಸಿದ್ದು ಕಾಯಿಲೆ, ಅವಳ ತಲೆ ತಗ್ಗಿಸಿದ್ದು ನಾನು. ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಶಾಲೆ ಶುರುವಾದ ದಿನ ನಾನೇ ಹೋಗಿ ಟೀಚರಿಗೆ ನಿಜ ಹೇಳಿ ಕ್ಷಮೆ ಕೇಳಿದೆ. ಅವರು ಬೈಯಲಿಲ್ಲ. ಬ್ರೇಸ್ ಬಿಚ್ಚಿ ಹಾಕಲು ಒಂದು ಕೋಣೆ ತೋರಿಸಿದರು. ಮೊದಲ ವಾರ ಕೆಲವು ಹುಡುಗಿಯರು "ರೋಬೋಟ್" ಅಂದರಂತೆ. ಮಗಳು ಅತ್ತಳು, ಆದರೂ ಮಾರನೆಯ ದಿನ ಆಡಲು ಹೋದಳು. ಹದಿನೈದು ದಿನಕ್ಕೆ ಅದೇ ತರಗತಿಯ ಇನ್ನೊಬ್ಬ ಹುಡುಗಿಯ ತಾಯಿ ನನ್ನನ್ನು ಹುಡುಕಿಕೊಂಡು ಬಂದು, "ನನ್ನ ಮಗಳ ಬೆನ್ನೂ ಹಾಗೇ ಕಾಣತ್ತೆ. ಯಾವ ಡಾಕ್ಟರ್ ಹತ್ರ ಹೋದ್ರಿ?" ಅಂತ ಕೇಳಿದರು. ನಾನು ಬಾಯಿ ಮುಚ್ಚಿಕೊಂಡೇ ಇದ್ದಿದ್ದರೆ ಆ ಮಗುವಿನ ಗತಿ?

ಎಲ್ಲ ಸುಖಾಂತ ಅಂತ ನಾನು ಹೇಳುವುದಿಲ್ಲ. ಬ್ರೇಸ್ ಇನ್ನೂ ಇದೆ, ಬೇಸಿಗೆಯಲ್ಲಿ ತುಂಬ ಸೆಕೆ. ಆರು ತಿಂಗಳಿಗೊಮ್ಮೆ ಎಕ್ಸ್‌ರೇ ಫಲಿತಾಂಶಕ್ಕೆ ಕಾಯುವಾಗ ನನ್ನ ಎದೆ ಇವತ್ತಿಗೂ ಹೊಡೆದುಕೊಳ್ಳುತ್ತದೆ. ಅತ್ತೆಯವರು ಈಗಲೂ ನೆಂಟರು ಬಂದರೆ ಮಾತು ಬೇರೆ ಕಡೆಗೆ ತಿರುಗಿಸುತ್ತಾರೆ. ಆದರೆ ಮೊನ್ನೆ ತಾವೇ ಹಳೆಯ ಮೆತ್ತನೆ ಪಂಚೆ ಹರಿದು ಮೊಮ್ಮಗಳಿಗೆ ಒಳಬನಿಯನ್ ಹೊಲಿದುಕೊಟ್ಟರು. ಅಷ್ಟು ಸಾಕು ನನಗೆ.

ಈಗ ನಿಮಗೆ ಕೆಲವು ಉಪಯೋಗದ ಮಾತು.

ಹತ್ತು ವರ್ಷ ದಾಟಿದ ಮಕ್ಕಳನ್ನು ಆರು ತಿಂಗಳಿಗೊಮ್ಮೆ ಹೀಗೆ ನೋಡಿ: ಎರಡೂ ಕಾಲು ಜೋಡಿಸಿ ನಿಲ್ಲಿಸಿ. ಮಂಡಿ ಮಡಿಸದೆ, ಅಂಗೈ ಜೋಡಿಸಿಕೊಂಡು ಮುಂದಕ್ಕೆ ಬಗ್ಗಲಿ. ಹಿಂದಿನಿಂದ ನೋಡಿದಾಗ ಬೆನ್ನಿನ ಒಂದು ಪಕ್ಕ ಇನ್ನೊಂದಕ್ಕಿಂತ ಉಬ್ಬಿ ಕಂಡರೆ, ಭುಜ ಸೊಂಟ ಒಂದೇ ಸಮ ಇಲ್ಲದಿದ್ದರೆ, ಡಾಕ್ಟರಿಗೆ ತೋರಿಸಿ. ಬೆಳೆಯುವ ಕಾಲ ಮುಗಿದ ಮೇಲೆ ಬ್ರೇಸಿನಿಂದ ಪ್ರಯೋಜನವಿಲ್ಲ, ಅದಕ್ಕೇ ತಡ ಮಾಡಬಾರದು.

ಬ್ರೇಸ್ ಕಟ್ಟಿಕೊಳ್ಳುವವರಿಗೆ ಹೊಲಿಗೆಯ ಗಂಟು ಒತ್ತದ, ಮೈಗೆ ಸುಕ್ಕಿಲ್ಲದೆ ಕೂರುವ ಹತ್ತಿಯ ಬನಿಯನ್ ಒಳಗೆ ಹಾಕಿ. ಬೆವರಿದರೆ ಬದಲಾಯಿಸಿ. ಚರ್ಮ ಕೆಂಪಾಗಿ ಹಾಗೇ ಉಳಿದರೆ ಡಾಕ್ಟರಿಗೆ ಹೇಳಿ.

ಇನ್ನು ನಮ್ಮ ವಿಷಯ. ಹೊಟ್ಟೆ ಉಬ್ಬರ, ಎರಡು ತುತ್ತಿಗೇ ಹೊಟ್ಟೆ ತುಂಬಿದ ಹಾಗಾಗುವುದು, ಕಿಬ್ಬೊಟ್ಟೆ ನೋವು, ಪದೇ ಪದೇ ಮೂತ್ರಕ್ಕೆ ಹೋಗಬೇಕೆನಿಸುವುದು ಹೊಸದಾಗಿ ಶುರುವಾಗಿ ಎರಡು ಮೂರು ವಾರ ಬಿಡದೆ ಕಾಡಿದರೆ, "ಗ್ಯಾಸು" ಅಂತ ಓಮದ ನೀರು ಕುಡಿದು ಸುಮ್ಮನಾಗಬೇಡಿ. ಹೆಚ್ಚಿನ ಸಲ ಏನೂ ಇರುವುದಿಲ್ಲ. ಆದರೆ ಅಂಡಾಶಯದ ಕ್ಯಾನ್ಸರೂ ಹೀಗೇ ಸದ್ದಿಲ್ಲದೆ ಬರುತ್ತದೆ. ಪ್ಯಾಪ್ ಪರೀಕ್ಷೆ ಮಾಡಿಸಿದ್ದೇನೆ, ಸಾಕು ಅಂದುಕೊಳ್ಳಬೇಡಿ. ಅದು ನೋಡುವುದು ಗರ್ಭಕಂಠವನ್ನು, ಅಂಡಾಶಯವನ್ನಲ್ಲ.

ಸೆರಗಿನಲ್ಲಿ ಮುಚ್ಚಿಟ್ಟ ಕೆಂಡ ಸೆರಗನ್ನೇ ಸುಡುತ್ತದೆ. ನಿಮ್ಮ ಮನೆಯಲ್ಲೂ ಇಂಥದ್ದೊಂದನ್ನು ಮುಚ್ಚಿಟ್ಟಿದ್ದರೆ ಮೊದಲು ಡಾಕ್ಟರಿಗೆ ಹೇಳಿ, ಆಮೇಲೆ ನನಗೆ ಬರೆಯಿರಿ. ಹೆಸರು ಹಾಕದಿದ್ದರೂ ಚಿಂತೆಯಿಲ್ಲ.

ಮುಂದಿನ ಸಂಚಿಕೆಗೆ ಹಲಸಿನ ಹಣ್ಣಿನ ಕಡುಬು. ಬಾಳೆ ಎಲೆ ಬಾಡಿಸಿ ಇಟ್ಟುಕೊಂಡಿರಿ. ನನ್ನ ಮಗಳಿಗೆ ಇವತ್ತು ಸಂಜೆ ಖೋ ಖೋ ಪಂದ್ಯ ಇದೆ, ಹೋಗಿ ಬರ್ತೀನಿ.